ಹತ್ತು ಅಂಕದ ಪ್ರಶ್ನೆ

ಟಮಕದ ಮೌಲ್ಯಮಾಪನ ಕೇಂದ್ರದಲ್ಲಿ
ಫ್ಯಾನಿಗೆ ಹೆದರಿ ಪ್ರತಿ ಕಟ್ಟಿನ ಮೇಲೂ ಒಂದೊಂದು ಕಲ್ಲು,
ಅಂತರಗಂಗೆ ಬೆಟ್ಟದಿಂದ ಯಾರೋ ಆರಿಸಿ ತಂದವು.
ಪತ್ರಿಕೆಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ
ನಾನು, ಅತಿಥಿ ಉಪನ್ಯಾಸಕ,
ಮಾರ್ಚಿಯಿಂದ ಸಂಬಳದ ಮುಖ ಕಾಣದವನು,
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.

ಪ್ರಶ್ನೆ ಏಳು:
ಅಮೆರಿಕದ ಅಧ್ಯಕ್ಷ ಎದುರಿಸುವ
ಆಂತರಿಕ ಹಾಗೂ ವಿದೇಶಾಂಗ ಸವಾಲುಗಳನ್ನು ವಿವರಿಸಿ.
ಮಾದರಿ ಉತ್ತರ ಪಕ್ಕದಲ್ಲೇ ಇದೆ.
ಕಾಂಗ್ರೆಸ್ಸಿನ ಜೊತೆ ಜಗ್ಗಾಟ, ಒಂದು ಅಂಕ.
ಒಪ್ಪಂದಕ್ಕೆ ಸೆನೆಟಿನ ಮೂರರಲ್ಲಿ ಎರಡು ಪಾಲು ಮತ, ಎರಡು ಅಂಕ.
ನಿರುದ್ಯೋಗ, ವಲಸೆ, ಬಂದೂಕು, ತಲಾ ಅರ್ಧ.
ಯುದ್ಧ ಎಂದು ಬರೆದರೆ ಸಾಕು, ಒಂದು;
ಯಾವ ಯುದ್ಧ ಎಂದು ಕೇಳಬೇಕಾಗಿಲ್ಲ.

ಬೆಳಗಿನಿಂದ ಮೂವತ್ತೊಂದು ಮಂದಿ
ಒಂದೇ ಗೈಡಿನ ಒಂದೇ ಪುಟ ಇಳಿಸಿದ್ದಾರೆ.
ಮೂವತ್ತೊಂದು ಸಲ ಅಧ್ಯಕ್ಷ ಶ್ವೇತಭವನದಲ್ಲಿ ಎದ್ದು
ಮೂವತ್ತೊಂದು ಸಲ "ಸಮತೋಲನ ಕಾಯ್ದುಕೊಳ್ಳಬೇಕಾಗುತ್ತದೆ."
ಪಾಪ. ನನಗೇ ಕಾಲು ಜೋಮು ಹಿಡಿಯಿತು.

ಮೂವತ್ತೆರಡನೆಯದು. ಹೆಸರಿಲ್ಲ, ನಂಬರು ಮಾತ್ರ.
ದುಂಡಗಿನ ಅಕ್ಷರ, ಅಲ್ಲಲ್ಲಿ ಅಂಗೈ ಬೆವರು.

"ಸಾರ್, ಗೈಡು ಕೊಳ್ಳಲಾಗಲಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ.
ಮಿಡಿಸೌತೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ.
ಕಿರುಬೆರಳಷ್ಟಿದ್ದರೆ ಒಂದನೇ ಗ್ರೇಡು,
ಹೆಬ್ಬೆರಳಾದರೆ ಎರಡು,
ಡೊಂಕಾದರೆ ದನಕ್ಕೆ.
ನಮ್ಮ ಕಡೆ ಯಾರೂ ಅದನ್ನು ತಿನ್ನುವುದಿಲ್ಲ.
ನಾನೊಮ್ಮೆ ತಿಂದೆ, ಹುಳಿ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು.
ಡ್ರಮ್ಮಿಗೆ ಅಂಟಿಸುವ ಚೀಟಿಯಲ್ಲಿ ಊರ ಹೆಸರು ಓಹಾಯೊ.
ಅಲ್ಲಿಯೂ ಯಾರಿಗೋ ಕೆಲಸ ಹೋಗಿದೆಯಂತೆ,
ಯಾರದೋ ಗಿರಣಿಗೆ ಬೀಗ ಬಿದ್ದಿದೆಯಂತೆ.
ಓಟು ಹಾಕುವವರು ಅವರು. ಅಧ್ಯಕ್ಷ ಏನಾದರೂ ಮಾಡಲೇಬೇಕು.
ಮಾಡಿದ. ಸುಂಕ ಹಾಕಿದ.
ಇದು ಆಂತರಿಕ ನೀತಿ.

ಸೋಮವಾರ ಸೂಪರ್‌ವೈಸರ್ ಪಿಳ್ಳಮ್ಮ
ಮೂರು ಪಾಳಿಯನ್ನು ಎರಡು ಮಾಡಿದರು.
ನಾರೆಮ್ಮಕ್ಕ, ಅವರ ನಾದಿನಿ, ನಾನು
ಗ್ಲೌಸು ಬಿಚ್ಚಿ, ತೊಳೆದು, ಎಣಿಸಿ ವಾಪಸು ಕೊಟ್ಟೆವು.
ಇದು ವಿದೇಶಾಂಗ ನೀತಿ.

ಊರಿಗೆ ಉಪಕಾರಿ ಮನೆಗೆ ಮಾರಿ ಅಂತ
ಅಜ್ಜಿ ನಮ್ಮ ತಾತನನ್ನು ಬಯ್ಯುತ್ತಿದ್ದಳು.
ಆ ಕುರ್ಚಿಯಲ್ಲಿ ಯಾರೇ ಕೂತರೂ ತಾತನ ಹಾಗಿರಲು ಆಗದು.
ಮನೆಗೆ ಉಪಕಾರಿ ಆಗಹೋಗಿ ಊರಿಗೆ ಮಾರಿಯಾಗುತ್ತಾರೆ.
ಕಷ್ಟ ಏನೆಂದರೆ ಸಾರ್,
ಮನೆ ಎಲ್ಲಿ ಮುಗಿದು ಊರು ಎಲ್ಲಿ ಶುರು ಅಂತ
ಅಷ್ಟು ಎತ್ತರದಿಂದ ಕಾಣುವುದಿಲ್ಲವೇನೋ.
ನನಗೆ ಸಿಟ್ಟಿಲ್ಲ. ಬೆಲ್ಟಿನ ಮುಂದೆ ನಿಂತಾಗ
ನಾನೂ ಕಾಯಿ ನೋಡಲಿಲ್ಲ, ಅಳತೆ ನೋಡಿದೆ.
ಇನ್ನೂ ಎರಡು ಅಂಶ ಇವೆ. ಬಸ್ಸಿಗೆ ಹೊತ್ತಾಯಿತು."

ಸೆನೆಟ್ ಇಲ್ಲ. ಮೂರರಲ್ಲಿ ಎರಡು ಇಲ್ಲ.
ಯುದ್ಧ ಎಂಬ ಮಾತೇ ಇಲ್ಲ.
ಆ ಎರಡು ಅಂಶ ಏನಿರಬಹುದು ಎಂದು
ಚಹಾ ಕೆನೆಗಟ್ಟುವವರೆಗೆ ಯೋಚಿಸಿದೆ.
ಆರು ಹಾಕಿದೆ.

ಮುಖ್ಯ ಪರೀಕ್ಷಕರು ಚೌಡರೆಡ್ಡಿ, ಕನ್ನಡಕ ಹಣೆಗೇರಿಸಿ,
"ಏನ್ರೀ ಇದು, ಸೌತೆಕಾಯಿ?" ಅಂದವರು
ನಿಂತೇ ಓದಿದರು, ಕೊನೆಯವರೆಗೂ.
ಆರನ್ನು ಹೊಡೆದು ಐದು ಬರೆದರು.
"ಆರಾದರೆ ಮೇಲಿನವರು ಕೇಳ್ತಾರೆ. ಐದನ್ನು ಯಾರೂ ಕೇಳಲ್ಲ."
ಅವರದೂ ಒಂದು ನೀತಿ;
ಆಂತರಿಕವೋ ವಿದೇಶಾಂಗವೋ ತಿಳಿಯಲಿಲ್ಲ.

ಕಲ್ಲೆತ್ತಿ ಅವಳ ಹಾಳೆ ಒಳಗಿಟ್ಟೆ.
ಮೂವತ್ತಮೂರನೆಯದರಲ್ಲಿ ಅಧ್ಯಕ್ಷ ಮತ್ತೆ ಎದ್ದ.
ಈ ಸಲ ತಿಂಡಿಗೆ ಕೂತು, ತಟ್ಟೆಯಂಚಿನ ಹಸಿರು ಹೋಳನ್ನು
ಒಂದು ಗಳಿಗೆ ನೋಡಿದ ಅನ್ನಿಸಿತು.
ಇಲ್ಲ.
ಗೈಡಿನಲ್ಲಿ ತಟ್ಟೆ ಇಲ್ಲ.