ಎರಡು ಸೊನ್ನೆ

ನಾಯಕನ ಹೆಸರಿರಬೇಕಾದಲ್ಲೆಲ್ಲ ನಮ್ಮ ಹಾಳೆಯಲ್ಲಿ
ಎರಡು ಸೊನ್ನೆ.
'ಓಡು, ಸೊನ್ನೆ ಸೊನ್ನೆ, ಸೇತುವೆ ಕುಸೀತಿದೆ!'
'ಸೊನ್ನೆ ಸೊನ್ನೆ, ಗಂಜಿ ಆರಿಹೋಗ್ತದೆ, ಬಾ.'
ಆಡುವವರು ತಮಗೆ ಬೇಕಾದ ಹೆಸರಿಟ್ಟುಕೊಳ್ಳುತ್ತಾರೆ,
ಆರಕ್ಷರ ಮೀರದಂತೆ.
ಹಾಗಾಗಿ ಅದು ಪರದೆಯ ಮೇಲೆ ಮೂಡುತ್ತದೆ,
ಯಾರ ಬಾಯಲ್ಲೂ ಬರುವುದಿಲ್ಲ.

ಕುರಾಮೊಚಿ ಸನಾಯೆ, ವಯಸ್ಸು ಅರವತ್ತೊಂದು,
ಆಟದಲ್ಲಿ ಮದ್ದರೆಯುವ ಮುದುಕಿ,
ಕನ್ನಡಕ ಹಣೆಗೇರಿಸಿ ಗಾಜಿನಾಚೆಯಿಂದ ಕೇಳಿದರು:
'ಎಷ್ಟುದ್ದ ಬಿಡಲಿ?
ಎರಡಕ್ಷರದ ಹುಡುಗನೋ, ಆರಕ್ಷರದವನೋ?
ಎಷ್ಟು ಉಸಿರು ತೆಗೆದಿಟ್ಟುಕೊಳ್ಳಲಿ, ಹೇಳಿ.'
ನಿರ್ದೇಶಕ ತ್ಸುನೆಕಿ ಗಡಿಯಾರ ನೋಡಿದ.
'ಹೆಸರು ಬಿಡಿ. "ಏಯ್" ಅಂದರೆ ಸಾಕು.'
'"ಏಯ್" ಅಂತ ನಾಯಿಯನ್ನೂ ಕರೀತಾರೆ.'

ನಾನು ಆ ಸ್ಟುಡಿಯೋದಲ್ಲಿ ಕತ್ತರಿ ಕೆಲಸದವನು.
ನಕಾನೊ ಸ್ಟೇಷನ್ನಿನ ಹಿಂದೆ, ನೆಲಮಾಳಿಗೆ.
ಮೇಲಿನ ಹಲ್ಲಿನ ಡಾಕ್ಟರರ ಡ್ರಿಲ್ ನಿಂತ ಮೇಲಷ್ಟೇ
ನಮ್ಮಲ್ಲಿ ರಾಜ್ಯಗಳು ಹೊತ್ತಿ ಉರಿಯುವುದು.
ತುಟಿ ಚಪ್ಪರಿಸಿದ್ದು, ಹೊಟ್ಟೆ ಗುಡುಗಿದ್ದು,
ಹಾಳೆ ಮಗುಚಿದ್ದು, ಎಲ್ಲ ಕತ್ತರಿಸಿ ಬಿಸಾಡುತ್ತೇನೆ.
ದಿನಕ್ಕೆ ನಾನೂರು ಉಸಿರು.

ಚಹಾದ ಹೊತ್ತಿಗೆ ಅವರೇ ಅಂದರು:
'ನಮ್ಮಜ್ಜಿ ನಲವತ್ತೆಂಟು ವರ್ಷ ಅಜ್ಜನ ಹೆಸರೆತ್ತಲಿಲ್ಲ.
"ಕೇಳಿಸ್ತಾ" ಅಂದರೆ ಅವನೇ.
ಆದರೆ ಆ "ಕೇಳಿಸ್ತಾ"ದ ಹಿಂದೆ ಹೆಸರು
ಬಾಗಿಲ ಮರೆಯಲ್ಲಿ ನಿಂತಿರ್ತಿತ್ತು. ಕಾಲ್ಬೆರಳು ಕಾಣ್ತಿತ್ತು.
ಇಲ್ಲಿ ಬಾಗಿಲ ಹಿಂದೆ ಯಾರೂ ಇಲ್ಲವಲ್ಲಪ್ಪ.'

ಆಮೇಲೆ ತಾವೇ ಯಾರುಯಾರನ್ನೋ ನಿಲ್ಲಿಸಿಕೊಂಡರು.
ಹಾಳೆಯಂಚಿನ ಪೆನ್ಸಿಲ್ ಬರಹ ಕದ್ದು ಓದಿದೆ:
ಬೈಯುವಲ್ಲಿ, ಮೂರು ತಿಂಗಳು ಬಾಕಿಯಿಟ್ಟ ಬಾಡಿಗೆಯವನು.
ಗಂಜಿಯ ಸಾಲಿಗೆ ಬೆಕ್ಕಿನ ಹೆಸರು.
ಸೇತುವೆಯ ಪಕ್ಕ ಏನೋ ಬರೆದು ಅಳಿಸಿದ್ದರು,
ರಬ್ಬರಿನ ಪುಡಿ ಮೈಕಿನ ಬುಡದಲ್ಲಿ.

ಕೊನೆಗೆ ಮುದುಕಿ ಸಾಯುತ್ತಾಳೆ.
ಸಾಯುವಾಗ ಕರೆಯಬೇಕು, ಸೊನ್ನೆ ಸೊನ್ನೆ.
ಬಾಯಿ ತೆರೆದರು.
ಒಳಗೆಳೆದ ಉಸಿರೊಂದು, ತುದಿಗೆ ಅಕಾರದ ಒಂದೆಳೆ,
ಅಷ್ಟೇ.
ತ್ಸುನೆಕಿ ನನ್ನತ್ತ ಎರಡು ಬೆರಳಾಡಿಸಿದ: ಕತ್ತರಿಸು.
ಕತ್ತರಿಸಲಿಲ್ಲ.
ಯಾಕೆಂದು ಕೇಳಿದರೆ, ಕೊನೆಯ ರೈಲಿಗೆ
ಹನ್ನೊಂದೇ ನಿಮಿಷವಿತ್ತು ಅನ್ನುತ್ತೇನೆ.

ಮುಂದಿನ ಚಳಿಗಾಲ, ಒತಾರುವಿನಲ್ಲಿ ಅಕ್ಕನ ಮನೆ.
'ನಿನ್ನ ಹೆಸರೇನು, ಪಯಣಿಗ?' ಕೇಳಿತು ಪರದೆ.
ಅಕ್ಕನ ಮಗ ರಿಕುತೊಗೆ ಒಂಬತ್ತು ವರ್ಷ, ಪುರುಸೊತ್ತಿಲ್ಲ.
ಹೆಬ್ಬೆರಳು ವರ್ಣಮಾಲೆಯ ಮೊದಲ ಮನೆಯಲ್ಲೇ ಇತ್ತು,
ಅಲ್ಲೇ ನಾಲ್ಕು ಸಲ ಒತ್ತಿದ:
ಅಅಅಅ.
'ಅದೊಂದು ಹೆಸರೇನೋ!' ರೇಗಿದೆ.
'ಹೆಸರು ಯಾರಿಗೆ ಬೇಕು ಮಾಮ, ಕತ್ತಿ ಎಲ್ಲಿ ಸಿಗತ್ತೆ?'

ಅಅಅಅ ಬೆಟ್ಟ ಹತ್ತಿದ. ಅಅಅಅ ಗಂಜಿ ಕುಡಿದ.
ರಾಜನೇ ಎದ್ದು ನಿಂತು
ಅಅಅಅನಿಗೆ ಅರ್ಧ ರಾಜ್ಯ ಬರೆದುಕೊಟ್ಟ,
ಅಕ್ಕ ನಕ್ಕು ನಕ್ಕು ಕಿತ್ತಳೆ ತೊಳೆ ಗಂಟಲಿಗೆ ಸಿಕ್ಕಿಸಿಕೊಂಡಳು.

ಒಂಬತ್ತನೆಯ ರಾತ್ರಿ ಮುದುಕಿ ಹಾಸಿಗೆ ಹಿಡಿದಳು.
ಪರದೆಯ ಕೆಳಗೆ ನಾಲ್ಕಕ್ಷರ ಮೂಡಿ ನಿಂತವು.
ಅವುಗಳ ಮೇಲೆ, ನಾನು ಉಳಿಸಿದ್ದ ಉಸಿರು.

ರಿಕುತೊ ಕಂಟ್ರೋಲರ್ ಕೆಳಗಿಟ್ಟ.
'ಮಾಮ, ಅಜ್ಜಿ ನನ್ನ ಹೆಸರು ಹೇಳಿದಳು.'

ಇನ್ನೊಮ್ಮೆ ಕೇಳಬೇಕಂತೆ.
ಸತ್ತವರ ಮಾತನ್ನು ಹಿಂದಕ್ಕೋಡಿಸಲು ಆ ಆಟದಲ್ಲಿ ಗುಂಡಿಯಿಲ್ಲ.
ಕಂಬಳಿ ಹೊದ್ದು, ಹಳೆಯ ಸೇವ್ ಯಾವುದಾದರೂ
ಉಳಿದಿದೆಯೇ ಎಂದು
ಹುಡುಕುತ್ತ ಕೂತ.