ಹದಿನೇಳರ ಎಡಗಾಲಿಯ ಬಳಿ

ಜೂನ್ ಎರಡನೇ ವಾರ. ಶಾಲೆಗೆ ರಜೆ.
ಒಹಾಯೊದ ಫಿಂಡ್ಲೆ, ಊರಾಚೆಯ ಡಿಪೋ:
ಮೂವತ್ತೊಂದು ಹಳದಿ ಬಸ್ಸು
ಬಾಯಿ ಮುಚ್ಚಿಕೊಂಡು ಸಾಲಾಗಿ ನಿಂತಿವೆ.
ಸೀಟು ಉಜ್ಜಲು, ಅಂಟಿದ ಚೂಯಿಂಗ್ ಗಮ್ ಕೆರೆಯಲು
ಬೇಸಿಗೆಗೆ ಉಳಿದವರು ಇಬ್ಬರೇ,
ಮೆಕ್ಯಾನಿಕ್ ವರ್ಲಾ, ಮತ್ತೆ ನಾನು.

ಮೊದಲು ಕಂಡದ್ದು ವರ್ಲಾಗೆ.
"ನಿಲ್ಲು!" ಅಂದಳು. ಎತ್ತಿದ ಕಾಲು ಎತ್ತಿದಲ್ಲೇ.
ನನಗೆ ಕಂಡದ್ದು ಬರೀ ಜಲ್ಲಿ.
ಆಮೇಲೆ ಜಲ್ಲಿಯೊಳಗೆ ನಾಲ್ಕು ಕಲ್ಲು ದುಂಡಗಾದವು:
ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಬಣ್ಣ,
ಚೂಪು ತುದಿಗಳೆಲ್ಲ ಒಳಮುಖ,
ಹರಟೆಗೆ ಕೂತ ನಾಲ್ವರ ಮೊಣಕಾಲಿನಂತೆ.
ಗೂಡಿಲ್ಲ. ಕಡ್ಡಿಯಿಲ್ಲ, ನಾರಿಲ್ಲ.
ಹದಿನೇಳನೇ ನಂಬರಿನ ಎಡಗಾಲಿಯಿಂದ ಎರಡು ಮೊಳ.

ಕಿಲ್‌ಡಿಯರ್ ಎಂದು ಇಲ್ಲಿಯ ಹೆಸರು.
ನಮ್ಮ ಟಿಟ್ಟಿಭದ ದಾಯಾದಿ ಇರಬೇಕು,
ಆಕಾಶ ಕಳಚಿ ಬಿದ್ದೀತೆಂದು
ಕಾಲು ಮೇಲೆ ಮಾಡಿ ಮಲಗುತ್ತದಲ್ಲ, ಅದರದು.
ಕೊರಳಲ್ಲಿ ಎರಡೆಳೆ ಕರಿಮಣಿ.
ಹೆಣ್ಣಿಗೂ ಎರಡೆಳೆ, ಗಂಡಿಗೂ ಎರಡೆಳೆ,
ಕಾವಿಗೂ ಇಬ್ಬರದೂ ಪಾಳಿ.
ನನ್ನದು ಡಬ್ಬಿಯಲ್ಲಿದೆ. ಆ ಮಾತು ಬೇಡ.
ವರ್ಲಾಗೆ ಅದರ ಕೂಗು ಅದರ ಹೆಸರೇ.
ನನಗೆ ಕೇಳುವುದು ಬೇರೆ:
ತಿಳಿಯೇ, ತಿಳಿಯೇ, ತಿಳಿಯೇ.
ತಿಳಿದುಕೋ ಎನ್ನುತ್ತದೋ
ತನಗೇ ತಿಳಿಯದೆನ್ನುತ್ತದೋ.

ಹತ್ತಿರ ಹೋದರೆ ನಾಟಕ.
ಬಲರೆಕ್ಕೆ ಮುರಿದು ಬಿತ್ತು, ಬಾಲದ ಕಿತ್ತಳೆ ಹರಡಿತು,
ತೆವಳಿ, ಕುಂಟಿ, ಬಿದ್ದು, ಎದ್ದು,
ಅಯ್ಯೋ ಸತ್ತೆ, ಬಾ, ಹಿಡಿದುಕೋ.
ಬೆಕ್ಕಿಗೆ ಆಡಿದ್ದು, ಕೊರಿಯರ್ ಹುಡುಗನಿಗೆ ಆಡಿದ್ದು
ನನಗೂ ಆಡಿತು.
ನಾನೂ ಹೋದೆ ಅದರ ಹಿಂದೆ
ಡೀಸೆಲ್ ಪಂಪಿನವರೆಗೆ, ಬೇಲಿಯವರೆಗೆ,
ಬಾಗಿ, ಕೈ ಚಾಚಿ, ಇನ್ನೇನು ಸಿಕ್ಕಿತೆನ್ನುವಂತೆ.
ಇಷ್ಟು ಕಷ್ಟಪಟ್ಟು ಸುಳ್ಳು ಹೇಳುವವರಿಗೆ
ಮೋಸಹೋಗದಿದ್ದರೆ ಮರ್ಯಾದೆಯೇ?
ಬೇಲಿ ಬಂದದ್ದೇ ರೆಕ್ಕೆ ಕೂಡಿತು; ಹಾರಿತು.
ವರ್ಲಾ ಪಾನಾ ಹಿಡಿದು ನಗುತ್ತಿದ್ದಳು.

ಜುಲೈಗೆ ಅಂಗಳಕ್ಕೆ ಡಾಂಬರು ಬರುವುದಿತ್ತು.
ಮ್ಯಾನೇಜರ್ ಹಾಫರ್ಟ್ ಬಂದ, ಬಗ್ಗಿ ನೋಡಿದ,
ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನಿಂತ.
"ಈ ಮೂಲೆ ಆಮೇಲೆ," ಅಂದ. ಅಷ್ಟೇ.
ಹೋಗುವ ಮೊದಲು ನಾಲ್ಕು ಕೋನ್ ತಾನೇ ತಂದಿಟ್ಟ.

ಇಲ್ಲಿಯ ಲೆಕ್ಕದ ತೊಂಬತ್ತಾರು ಡಿಗ್ರಿಯ ದಿನ
ಜಲ್ಲಿ ಕಾದ ಹೆಂಚು.
ಹಕ್ಕಿ ಕೂರಲಿಲ್ಲ. ಮೊಟ್ಟೆಗಳ ಮೇಲೆ ನಿಂತಿತ್ತು
ತನ್ನಷ್ಟೇ ಸಣ್ಣ ನೆರಳನ್ನು ಹಾಸಿ, ಸರಿಪಡಿಸಿ, ಹಾಸಿ.
ಬಸ್ಸು ತೊಳೆವ ನಲ್ಲಿಯಡಿ ಹೊಟ್ಟೆ ನೆನೆಸಿಕೊಂಡು
ಇನ್ನೊಂದು ಓಡಿ ಬಂತು; ಪಾಳಿ ಬದಲಾಯಿತು.
ಅಂದಿನಿಂದ ಆ ನಲ್ಲಿಯನ್ನು
ನಾನು ಪೂರ್ತಿ ಬಿಗಿ ಮಾಡಿಲ್ಲ.

ಮೂರನೇ ವಾರ ಒಂದು ಬೆಳಿಗ್ಗೆ
ಬಕೆಟ್ ಹಿಡಿದು ಪಕ್ಕದಲ್ಲೇ ಹಾದೆ.
ಕತ್ತು ಹೊರಳಿಸಿ ನೋಡಿತು. ಕೂತೇ ಇತ್ತು.
ಮತ್ತೆ ಹಾದೆ, ಬೇಕೆಂದೇ, ಬಕೆಟ್ ಸದ್ದು ಮಾಡಿ.
ಊಹೂಂ.
ನನ್ನೆದುರು ರೆಕ್ಕೆ ಮುರಿಯುವುದು ನಿಂತಿತ್ತು.
ಸಂತೋಷಪಡಬೇಕಾದ್ದು; ಪಟ್ಟೆ ಕೂಡ.
ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ
ಆ ಕುಂಟಾಟ ನೆನಪಾಗಿ
ಏನೋ ಕೈತಪ್ಪಿದ ಹಾಗೆ.

ಎಂಟನೇ ತಾರೀಕು ಮೂರು ಮರಿ.
ಮೈ ಒಣಗಿದ್ದೇ ಓಟ,
ಕಡ್ಡಿಕಾಲಿನ ಹತ್ತಿಯುಂಡೆಗಳು.
ಅವಕ್ಕಿನ್ನೂ ಒಂದೇ ಎಳೆ.
ಬಸ್ಸಿನಡಿಯಿಂದ ಬಸ್ಸಿನಡಿಗೆ, ನೆರಳಿಂದ ನೆರಳಿಗೆ,
ಸಂಜೆಯೊಳಗೆ ಬೇಲಿ ನುಸುಳಿ ಸೋಯಾ ಹೊಲ.
ನಾಲ್ಕನೆಯ ಮೊಟ್ಟೆ ಎರಡು ದಿನ ಹಾಗೇ ಇತ್ತು.
ಆಮೇಲೆ ಅದೂ ಇರಲಿಲ್ಲ.
ಯಾರು ಒಯ್ದರೆಂದು ನಾವು ಮಾತೆತ್ತಲಿಲ್ಲ.

ಆಗಸ್ಟ್. ಡ್ರೈವರುಗಳೆಲ್ಲ ವಾಪಸು,
ಮೂವತ್ತೊಂದು ಎಂಜಿನ್ ಒಟ್ಟಿಗೆ ಕೆಮ್ಮಿ ಎದ್ದವು.
ಕರಿ ಅಂಗಳದಲ್ಲಿ ಒಂದು ಮೂಲೆ ಇನ್ನೂ ಜಲ್ಲಿ,
ನಾಲ್ಕು ಕೋನ್, ನಡುವೆ ಏನೂ ಇಲ್ಲ.
ಏನಿದೆ ಅಲ್ಲಿ, ಎಂದ ಹೊಸ ಹುಡುಗನೊಬ್ಬ.
ವರ್ಲಾ ನನ್ನ ಮುಖ ನೋಡಿದಳು.
ನಾನು ಹದಿನೇಳನ್ನು ಹೊರತೆಗೆದೆ
ಸ್ಟಿಯರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿ,
ಕೋನ್‌ಗಳನ್ನು ಬಳಸಿಕೊಂಡು, ನಿಧಾನ.
ಕನ್ನಡಿಯಲ್ಲಿ ನೋಡಿದೆ:
ಹಿಂದಿನ ಬಸ್ಸೂ ಬಳಸಿಕೊಂಡೇ ಬಂತು.