ಇಳಿಹರಾಜು

ವಾಗಾ ವಾಗಾದ ದನದ ಸಂತೆಯಲ್ಲಿ ಹರಾಜು ಕೂಗುವವನು
ಕ್ಲೆಮ್ ಹ್ಯಾಡ್ರೆಲ್. ಉಸಿರಿಗೊಂದು ಬೆಲೆ,
ಎಂಜಲು ನುಂಗುವಷ್ಟರಲ್ಲಿ ಎಂಟು ಹೋರಿ ಬಿಕರಿ.
ಹಲ್ಲಿನ ಡಾಕ್ಟರು ಇನ್ನೇನಕ್ಕೋ ತೆಗೆದ ಎಕ್ಸ್‌ರೇ
ಹಿಡಿದು ಬಂದು ಕೂತ, ಟೋಪಿ ಮೊಣಕಾಲ ಮೇಲೆ.

ಬಲದವಡೆಯ ಮೂಲೆಯಲ್ಲಿ
ಹುಟ್ಟದೆ ಅಡ್ಡ ಮಲಗಿದ ಬುದ್ಧಿಹಲ್ಲು,
ಅದರ ಸುತ್ತ ಕಪ್ಪು, ಮೊಟ್ಟೆಯಂಥ ನುಣುಪು ಅಂಚು.
ನೋವಿಲ್ಲ, ಬಾವಿಲ್ಲ.
ಗೆದ್ದಲು ಹೊಕ್ಕ ತೊಲೆಗೂ ಬಣ್ಣ ಮಾಸುವುದಿಲ್ಲ.

"ಎಷ್ಟು?" ಎಂದ, ವ್ಯಾಪಾರದ ದನಿಯಲ್ಲೇ.
ನಲವತ್ತೊಂದು ಮಿಲಿಮೀಟರು.
"ಕೆಟ್ಟದ್ದೋ?"
ಅದಕ್ಕೆ ನಾನು ಕಣ್ಣಂದಾಜಿನ ಬೆಲೆ ಕೂಗುವುದಿಲ್ಲ.
ಸೂಜಿ ಹಾಕಿದೆ. ರಕ್ತವಲ್ಲ,
ಗಸಿಮೊಸರಿನಂಥ ಬಿಳಿ. ನಾನೂ ಉಸಿರು ಬಿಟ್ಟೆ.
ಚೂರು ಸಿಡ್ನಿಗೆ ಹೋಯಿತು. ಒಂಬತ್ತು ದಿನ.
ಕ್ಯಾನ್ಸರ್ ಅಲ್ಲ, ಕೆರಟೋಸಿಸ್ಟ್.
ಸಾಧು ಎನ್ನುತ್ತೇವೆ ಇಂಥದಕ್ಕೆ,
ಹಾಯದ ಹಸುವಿಗೆ ಅಂದಂತೆ. ಸಾಧುವೇ,
ಬೇಲಿ ಮುರಿದು ಮತ್ತೆ ನುಗ್ಗುವ ಸಾಧು.

ಒಮ್ಮೆಗೇ ಕೆತ್ತಿದರೆ ದವಡೆ ಮುರಿದೀತು.
ಕಿಟಕಿ ಕೊರೆದು ಕಾಳುಮೆಣಸಿನಗಲದ ನಳಿಕೆ ಹೊಲಿದೆ.
ದಿನಕ್ಕೆ ಮೂರು ಸಲ ಸಿರಿಂಜಿನಲ್ಲಿ ಉಪ್ಪುನೀರು;
ಹೆಂಡತಿ ನೋಲೀನ್ ಟಾರ್ಚು ಬಾಯಲ್ಲಿ ಕಚ್ಚಿ ಹಾಕಿದಳಂತೆ,
ಕುರಿಗೆ ಮದ್ದು ಕುಡಿಸಿದ ಕೈ.
ಮಾರ್ಚಿಯಲ್ಲಿ ಮೂವತ್ತಮೂರು.
ಜೂನಿನ ಮಂಜಿನಲ್ಲಿ ಇಪ್ಪತ್ತನಾಲ್ಕು.
ಏರಿಸುವುದೊಂದೇ ಬಲ್ಲವನು
ಇಳಿದ ಅಂಕಿಗೆ ನನ್ನ ಮೇಜು ಗುದ್ದಿದ.
ನೀರು ಸರಿದಲ್ಲಿ ದಡ ತೋರುವಂತೆ
ಎಲುಬು ತಾನೇ ಬರುತ್ತಿತ್ತು.
ನಾನು ಮಾಡಿದ್ದು ತೂತು ಮಾತ್ರ.

ಅಕ್ಟೋಬರಿನಲ್ಲಿ, ಹದಿನಾಲ್ಕಿದ್ದಾಗ,
ಚೀಲ ಬಿಡಿಸಿದೆ, ಹಲ್ಲನ್ನೂ ಕಿತ್ತೆ.
ನೆನೆಸಿದ ಬಾದಾಮಿಯ ಸಿಪ್ಪೆ ಅದು, ಹರಿದರೆ ಕೆಲಸ ಕೆಟ್ಟಿತು.
ತಳದಲ್ಲಿ ನರ, ಒಂದೆಳೆ ಬಿಳಿ ನೂಲು.
ಅದರ ಮಗ್ಗುಲಿಗೆ ಬಂದಾಗ
ರೇಡಿಯೊ ಆರಿಸಿ ಎಂದೆ.

ಮರುದಿನ ಕೆಳತುಟಿಯಲ್ಲಿ
ಹತ್ತು ಸೆಂಟಿನ ನಾಣ್ಯದಗಲ ಜೋಮು.
ಬೇರೆ ತೋಚದೆ, ನಾನು ಕಲಿತ ಕ್ರಮದಲ್ಲೇ ಕೇಳಿದೆ:
ಹೇಳಿ, ಪ ಫ ಬ ಭ ಮ.
ಒಂದನೇ ಕ್ಲಾಸಿನ ಹುಡುಗನಂತೆ ಹೇಳಿದ.
'ಮ' ನಿಂತಿತು, 'ಬ' ಸೋರಿತು.
"ಇದ್ಯಾವ ಸಂತೆಯ ಕೂಗು, ಡಾಕ್ಟರೇ?"

ವರ್ಷಕ್ಕೊಂದು ಎಕ್ಸ್‌ರೇ, ಐದು ವರ್ಷ.
ಮೂರನೆಯದು ಮೊನ್ನೆ ಮುಗಿಯಿತು. ಕಪ್ಪಿಲ್ಲ.

ಈ ಸೋಮವಾರ ಸುಮ್ಮನೆ ಸಂತೆಗೆ ಹೋಗಿ
ಕಂಬಿಗೆ ಒರಗಿ ನಿಂತೆ.
ಈಗಲೂ ಬಕಾರದಲ್ಲಿ ಅವನ ತುಟಿ
ಕೂದಲೆಳೆಯಷ್ಟು ತಡೆಯುತ್ತದೆ.
ಆ ತಡೆಯಲ್ಲಿ
ಹಿಂದಿನ ಸಾಲಿನಿಂದ ಯಾರೋ ಕೈ ಎತ್ತುತ್ತಾರೆ,
ಬೆಲೆ ಏರುತ್ತದೆ.